ಕರೆಂಟ್ ಬಂದರೂ ಬಲ್ಬ್ ಆಫ್‌ಲೈನ್

ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗೆ ಬೆಂಗಳೂರಿನಲ್ಲಿ ಕರೆಂಟ್ ಒಂದೇ ಸಲಕ್ಕೆ ಹೋಗುವುದು ಅಪರೂಪ. ಗಾಳಿಗೆ ಕೊಂಬೆಯೊಂದು ತಂತಿಗೆ ತಾಗುತ್ತದೆ, ದೀಪ ಮಿಣುಕುತ್ತದೆ, ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕೊನೆಗೊಮ್ಮೆ ನೆಟ್ಟಗೆ ಬಂದು ನಿಂತಾಗ ಫ್ಯಾನು, ಫ್ರಿಜ್ಜು ತಮ್ಮ ಪಾಡಿಗೆ ಶುರುವಾಗುತ್ತವೆ. ವೈಫೈ ಬಲ್ಬು, ಸ್ಮಾರ್ಟ್ ಪ್ಲಗ್ಗು, ಬಾಗಿಲ ಕ್ಯಾಮೆರಾ ಮಾತ್ರ ಆ್ಯಪ್‌ನಲ್ಲಿ ಬೂದು ಬಣ್ಣಕ್ಕೆ ತಿರುಗಿ ‘ಆಫ್‌ಲೈನ್’ ಎಂದು ಕೂತಿರುತ್ತವೆ. ಆಗ ಅನೇಕರು ಮೊದಲು ಮಾಡುವ ಕೆಲಸವೆಂದರೆ ಆ್ಯಪ್‌ನಿಂದ ಬಲ್ಬನ್ನು ಅಳಿಸಿ ಹೊಸದಾಗಿ ಸೇರಿಸುವುದು. ಸಾಮಾನ್ಯವಾಗಿ ಅದರ ಅಗತ್ಯವೇ ಇರುವುದಿಲ್ಲ. ಅಳಿಸಿದರೆ ಬಲ್ಬಿನ ಜೊತೆ ಅದಕ್ಕಿಟ್ಟ ಟೈಮರ್, ಅಲೆಕ್ಸಾದಲ್ಲಿ ಮಾಡಿಟ್ಟ ರೊಟೀನ್ ಎಲ್ಲವೂ ಹೋಗುತ್ತವೆ. ರಿಸೆಟ್ ಎಂಬುದು ಕಟ್ಟಕಡೆಯ ಮದ್ದು.

ಅದಕ್ಕೂ ಮೊದಲು ಗೋಡೆಯ ಸ್ವಿಚ್ ನೋಡಿ. ನಮ್ಮ ಮನೆಗಳಲ್ಲಿ ಕರೆಂಟ್ ಹೋದ ಕೂಡಲೇ ಯಾರಾದರೊಬ್ಬರು ಎದ್ದು ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿಬರುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಸ್ಮಾರ್ಟ್ ಬಲ್ಬಿಗೆ ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ಆಫ್ ಆಗಿದ್ದರೆ ಯಾವ ಆ್ಯಪ್‌ಗೂ ಅದು ಕಾಣುವುದಿಲ್ಲ. ಅರ್ಧ ಗಂಟೆ ರೂಟರ್ ಜೊತೆ ಗುದ್ದಾಡಿದ ಮೇಲೆ ಇದು ಗೊತ್ತಾದರೆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದು?

ಸ್ವಿಚ್ ಆನ್ ಇದ್ದೂ ಆಫ್‌ಲೈನ್ ಅಂದರೆ, ತಪ್ಪು ಹೆಚ್ಚಾಗಿ ಎದ್ದ ಸರದಿಯದು. ಕರೆಂಟ್ ಬಂದ ಒಂದೆರಡು ಸೆಕೆಂಡಿಗೇ ಬಲ್ಬ್ ಎದ್ದು ತನ್ನ ವೈಫೈ ಹುಡುಕುತ್ತದೆ. ಆ ಹೊತ್ತಿಗೆ ವೈಫೈಯೇ ಇರುವುದಿಲ್ಲ. ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆ ಮೊದಲು ಇಂಟರ್ನೆಟ್ ಕಂಪನಿಯ ಕಡೆಯ ಸಿಗ್ನಲ್ ಹಿಡಿಯಬೇಕು, ರೂಟರ್ ತನ್ನ ಸಾಫ್ಟ್‌ವೇರ್ ಲೋಡ್ ಮಾಡಿಕೊಂಡು ಲಾಗಿನ್ ಆಗಬೇಕು. ಇದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಚೆನ್ನಾಗಿ ಮಾಡಿದ ಬಲ್ಬ್ ಬಿಡದೆ ಹುಡುಕುತ್ತಲೇ ಇರುತ್ತದೆ. ಅಗ್ಗದ ಕೆಲವು ನಾಲ್ಕಾರು ಸಲ ನೋಡಿ ಸುಮ್ಮನಾಗುತ್ತವೆ, ಇಲ್ಲವೇ ಹುಡುಕಾಟದ ನಡುವಿನ ಬಿಡುವನ್ನು ಉದ್ದ ಮಾಡಿಕೊಳ್ಳುತ್ತವೆ. ಹಾಗಾಗಿ ಮೊದಲ ಐದು ನಿಮಿಷ ಏನನ್ನೂ ಮುಟ್ಟಬೇಡಿ. ಆಮೇಲೂ ಬರದಿದ್ದರೆ ಆ ಒಂದು ಬಲ್ಬಿನ ಸ್ವಿಚ್ಚನ್ನು ಮಾತ್ರ ಆಫ್ ಮಾಡಿ, ಹತ್ತಕ್ಕೆ ಎಣಿಸಿ, ಆನ್ ಮಾಡಿ. ಈ ಸಲ ಅದು ಏಳುವಾಗ ವೈಫೈ ತಯಾರಿರುತ್ತದೆ. ಮೇನ್ ಸ್ವಿಚ್ಚನ್ನೇ ಇಳಿಸಿ ಏರಿಸಿದರೆ ಪ್ರಯೋಜನವಿಲ್ಲ, ಎಲ್ಲವೂ ಮತ್ತೆ ಒಟ್ಟಿಗೇ ಎದ್ದು ಅದೇ ಕತೆ ಮರುಕಳಿಸುತ್ತದೆ.

ಇಡೀ ಮನೆಯೇ ಆಫ್‌ಲೈನ್ ಆಗಿದ್ದರೆ ಬಲ್ಬನ್ನು ಬಿಟ್ಟು ಓಎನ್‌ಟಿಯ ದೀಪ ನೋಡಿ. ‘ಪಾನ್’ ಎಂಬ ದೀಪ ಹಸಿರಾಗಿ ನಿಂತಿದ್ದರೆ ಫೈಬರ್ ಸರಿಯಿದೆ. ಅದು ಮಿಣುಕುತ್ತಿದ್ದರೆ ಇನ್ನೂ ಪ್ರಯತ್ನದಲ್ಲಿದೆ. ‘ಲಾಸ್’ ದೀಪ ಕೆಂಪಾಗಿದ್ದರೆ ಕಂಪನಿಯ ತುದಿಯಿಂದ ಬೆಳಕೇ ಬರುತ್ತಿಲ್ಲ: ಮಳೆಗೆ ಎಲ್ಲೋ ಕೇಬಲ್ ಹರಿದಿದೆ, ಇಲ್ಲವೇ ಕೇಬಲ್‌ನವರ ಕಡೆಯ ಉಪಕರಣಕ್ಕೆ ಇನ್ನೂ ಕರೆಂಟ್ ಬಂದಿಲ್ಲ. ಅಂಥ ಹೊತ್ತಿನಲ್ಲಿ ಮನೆಯೊಳಗೆ ಏನು ತಿರುವಿದರೂ ವ್ಯರ್ಥ. ಪಾನ್ ಸರಿಯಿದ್ದೂ ಇಂಟರ್ನೆಟ್ ಇಲ್ಲದಿದ್ದರೆ ಲಾಗಿನ್ ತೊಡಕಿರಬಹುದು. ಕರೆಂಟ್ ಏಕಾಏಕಿ ಹೋದಾಗ ರೂಟರ್‌ಗೆ ಹೇಳಿ ಹೊರಡಲು ಪುರುಸೊತ್ತಿರಲಿಲ್ಲ; ಕಂಪನಿಯ ಸರ್ವರ್ ಲೆಕ್ಕದಲ್ಲಿ ಹಳೆಯ ಸಂಪರ್ಕ ಇನ್ನೂ ಜೀವಂತ. ಒಂದೇ ಲಾಗಿನ್‌ಗೆ ಅವಕಾಶವಿರುವ ಕಡೆ ಹೊಸ ಲಾಗಿನ್ ತಿರಸ್ಕಾರವಾಗುತ್ತದೆ. ಪಾಸ್‌ವರ್ಡ್ ತಪ್ಪೆಂದು ತಿಳಿದು ಬದಲಿಸಲು ಹೋಗಬೇಡಿ. ರೂಟರ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಿ, ಹಳೆಯ ಸಂಪರ್ಕ ತಾನೇ ಕಡಿದುಹೋಗುತ್ತದೆ.

ತೊಂದರೆ ಮನೆಯೊಳಗಿನದೋ ಹೊರಗಿನದೋ ಎಂದು ತಿಳಿಯಲು ಸುಲಭದ ಉಪಾಯವಿದೆ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿಸಿ, ಬಲ್ಬ್ ತಯಾರಿಸಿದ ಕಂಪನಿಯದೇ ಆ್ಯಪ್ ತೆರೆಯಿರಿ. ಅಲೆಕ್ಸಾ, ಗೂಗಲ್ ಹೋಮ್ ಆಮೇಲೆ. ಅವು ಕಂಪನಿಯ ಸರ್ವರನ್ನು ಕೇಳಿ ತಿಳಿಯುವಂಥವು, ಹಳೆಯ ಸುದ್ದಿಯನ್ನೇ ಹೇಳುತ್ತಿರಬಹುದು. ಕಂಪನಿಯ ಆ್ಯಪ್‌ನಲ್ಲಿ ಬಲ್ಬ್ ಉರಿದು ಅಲೆಕ್ಸಾದಲ್ಲಿ ಮಾತ್ರ ‘ರೆಸ್ಪಾಂಡ್ ಮಾಡುತ್ತಿಲ್ಲ’ ಎಂದು ಬಂದರೆ ಬಲ್ಬನ್ನು ಬೈಯಬೇಡಿ. ಇನ್ನೊಂದನ್ನೂ ಇಲ್ಲೇ ಗಮನಿಸಿ. ಹಲವು ಓಎನ್‌ಟಿಗಳಿಗೂ ಅವುಗಳದೇ ವೈಫೈ ಇರುತ್ತದೆ. ಬೇರೆ ರೂಟರ್ ಇಟ್ಟುಕೊಂಡ ಮನೆಗಳಲ್ಲಿ ಓಎನ್‌ಟಿ ಮೊದಲು ಎದ್ದರೆ ಫೋನು ಅದಕ್ಕೇ ಅಂಟಿಕೊಳ್ಳುತ್ತದೆ, ಬಲ್ಬುಗಳು ರೂಟರಿನ ವೈಫೈಗೆ ಸೇರುತ್ತವೆ. ಇಂಟರ್ನೆಟ್ ಎರಡಕ್ಕೂ ಇರುತ್ತದೆ, ಆದರೆ ಒಂದಕ್ಕೊಂದು ಕಾಣುವುದಿಲ್ಲ. ಓಎನ್‌ಟಿಯ ವೈಫೈಯನ್ನು ಶಾಶ್ವತವಾಗಿ ಆಫ್ ಮಾಡಿಸಿದರೆ ಈ ಗೋಜಲೇ ಇಲ್ಲ.

ಒಂದೇ ಕ್ಯಾಮೆರಾ ಬಂದು ಹೋಗಿ ಆಟವಾಡಿಸುತ್ತಿದ್ದರೆ ಐಪಿ ವಿಳಾಸದ ಜಗಳ ಇದ್ದೀತು. ಯಾರಿಗೆ ಯಾವ ನಂಬರ್ ಕೊಟ್ಟಿದ್ದೆ ಎಂಬ ಪಟ್ಟಿಯನ್ನು ಹಲವು ರೂಟರ್‌ಗಳು ಕರೆಂಟ್ ಹೋದಾಗ ಮರೆಯುತ್ತವೆ. ಯುಪಿಎಸ್ ಮೇಲಿದ್ದ ಕ್ಯಾಮೆರಾ ಹಳೆಯ ನಂಬರನ್ನೇ ಹಿಡಿದು ಕೂತಿರುವಾಗ ಅದೇ ನಂಬರ್ ಹೊಸದಾಗಿ ಎದ್ದ ಪ್ಲಗ್‌ಗೂ ಹೋಗಿಬಿಡಬಹುದು. ಎರಡನ್ನೂ ಆಫ್ ಮಾಡಿ ಒಂದೊಂದಾಗಿ ಆನ್ ಮಾಡಿದರೆ ಜಗಳ ಮುಗಿಯುತ್ತದೆ. ರೂಟರ್ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾ, ಸೆನ್ಸರ್‌ಗಳನ್ನು ಜೋಡಿಸುವ ಹಬ್ ಇಂಥವಕ್ಕೆ ನಂಬರ್ ಕಾಯ್ದಿರಿಸಿದರೆ ಮತ್ತೆ ಹುಟ್ಟುವುದಿಲ್ಲ.

ಟೈಮರ್ ಹೊತ್ತಲ್ಲದ ಹೊತ್ತಿಗೆ ಓಡಿದರೆ ಗಡಿಯಾರದ ಮೇಲೆ ಅನುಮಾನ ಇಡಿ. ಇಂಥ ಉಪಕರಣಗಳಲ್ಲಿ ಹಲವಕ್ಕೆ ಬ್ಯಾಟರಿಯ ಗಡಿಯಾರ ಇರುವುದಿಲ್ಲ. ಎದ್ದಾಗ 1970ರ ಜನವರಿ 1ರಂಥ ದಿನಾಂಕದಿಂದ ಶುರುಮಾಡಿ, ಇಂಟರ್ನೆಟ್ ಸಿಕ್ಕ ಮೇಲೆ ಸರಿ ಸಮಯ ತಿಳಿದುಕೊಳ್ಳುತ್ತವೆ. ಅಲ್ಲಿಯವರೆಗೆ ಸರ್ವರಿನ ಭದ್ರತಾ ಪ್ರಮಾಣಪತ್ರವೂ ಅವಕ್ಕೆ ಅಸಿಂಧುವಾಗಿ ಕಾಣಬಹುದು. ಸಿಸಿಟಿವಿಯ ಡಿವಿಆರ್ ಪ್ರತಿ ಸಲವೂ ತಾರೀಖು ಮರೆಯುತ್ತಿದ್ದರೆ ಒಳಗಿನ ಬಿಲ್ಲೆಯಾಕಾರದ ಸೆಲ್ ಸತ್ತಿದೆ ಎಂದರ್ಥ.

ಫಿಲಿಪ್ಸ್ ಹ್ಯೂ ಬಲ್ಬುಗಳೂ ಅಕಾರಾದ ಹಲವು ಸೆನ್ಸರ್‌ಗಳೂ ವೈಫೈ ಬದಲು ಜಿಗ್‌ಬಿ ಎಂಬ ಬೇರೆ ರೇಡಿಯೊ ಸಂಪರ್ಕ ಬಳಸುತ್ತವೆ. ಅಲ್ಲಿ ಕರೆಂಟಿನ ಮೇಲೆ ನಡೆಯುವ ಬಲ್ಬು, ಪ್ಲಗ್ಗುಗಳೇ ಬ್ಯಾಟರಿ ಸೆನ್ಸರ್‌ನ ಸುದ್ದಿಯನ್ನು ಹಬ್‌ಗೆ ಮುಟ್ಟಿಸುವ ಮಧ್ಯವರ್ತಿಗಳು. ಅವು ಸತ್ತಾಗ ಸೆನ್ಸರ್ ದಿಕ್ಕು ತಪ್ಪುತ್ತದೆ. ಬ್ಯಾಟರಿ ಉಳಿಸಲು ಅದು ಬಹುಪಾಲು ನಿದ್ದೆಯಲ್ಲೇ ಇರುವುದರಿಂದ ಹೊಸ ದಾರಿ ಕಂಡುಕೊಳ್ಳಲು ಕೆಲವು ಗಂಟೆಗಳೇ ಬೇಕಾಗಬಹುದು. ಹಬ್ ಮತ್ತು ಬಲ್ಬುಗಳು ಎದ್ದ ಮೇಲೆ ಒಂದು ರಾತ್ರಿ ಬಿಡಿ. ಮರುದಿನವೂ ಗೋಳಾಟ ಮುಂದುವರಿದರೆ ಚಾನೆಲ್ ನೋಡಿ. ವೈಫೈಯೂ ಜಿಗ್‌ಬಿಯೂ ಒಂದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿವೆ. ‘ಆಟೊ’ದಲ್ಲಿಟ್ಟ ರೂಟರ್ ಪ್ರತಿ ಸಲ ಎದ್ದಾಗಲೂ ಹೊಸ ಚಾನೆಲ್ ಆರಿಸಿಕೊಂಡು ಜಿಗ್‌ಬಿಯ ಮೇಲೆಯೇ ಕೂರಬಹುದು. ವೈಫೈಯನ್ನು 1ರಲ್ಲಿ ನಿಲ್ಲಿಸಿ, ಜಿಗ್‌ಬಿಯನ್ನು 20 ಅಥವಾ 25ರಲ್ಲಿಟ್ಟರೆ ಸಾಕಷ್ಟು ದೂರವಾಯಿತು. ಹಬ್‌ನ ಚಾನೆಲ್ ಬದಲಿಸುವ ಮುನ್ನ ಒಂದು ಯೋಚನೆ: ಕೆಲವು ಸೆನ್ಸರ್‌ಗಳನ್ನು ಮತ್ತೆ ಸೇರಿಸಬೇಕಾಗಬಹುದು. ಸುಲಭವಾದದ್ದು ವೈಫೈ ಚಾನೆಲ್ ಬದಲಿಸುವುದು.

ಇನ್ನು, ಬಲ್ಬ್ ತಾನಾಗಿಯೇ ವೇಗವಾಗಿ ಮಿಟುಕುತ್ತಿದ್ದರೆ? ಅದಕ್ಕೆ ಆ ಮಿಣುಕುವ ಕರೆಂಟೇ ಹೊಣೆ. ಸ್ಮಾರ್ಟ್ ಬಲ್ಬಿಗೆ ರಿಸೆಟ್ ಗುಂಡಿ ಇಡಲು ಜಾಗವಿರುವುದಿಲ್ಲ, ಆದ್ದರಿಂದ ಬೇಗ ಬೇಗ ಮೂರು ಸಲ, ಕೆಲವದರಲ್ಲಿ ಐದು ಸಲ, ಆಫ್-ಆನ್ ಮಾಡುವುದನ್ನೇ ರಿಸೆಟ್ ಸನ್ನೆಯಾಗಿ ಇಟ್ಟಿದ್ದಾರೆ. ಸ್ವಿಚ್ ಒತ್ತಿದ್ದು ಯಾರು, ಕೊಂಬೆಯೋ ಮನುಷ್ಯನೋ, ಬಲ್ಬಿಗೆ ತಿಳಿಯದು. ಮಿಟುಕುವ ಬಲ್ಬ್ ಪೇರಿಂಗ್ ಮೋಡ್‌ಗೆ ಹೋಗಿದೆ. ಇದೊಂದನ್ನು ಮಾತ್ರ ಹೊಸದಾಗಿ ಸೇರಿಸಿ. ಸೇರಿಸುವಾಗ ಫೋನು 2.4 ಗಿಗಾಹರ್ಟ್ಸ್ ವೈಫೈಯಲ್ಲಿರಲಿ, ಏಕೆಂದರೆ ಇಂಥ ಬಲ್ಬುಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಬರುವುದೇ ಇಲ್ಲ. ಹಳೆಯ ನಮೂದನ್ನು ಅಳಿಸದೆ ಸೇರಿಸಿದರೆ ಕೆಲವು ಆ್ಯಪ್‌ಗಳಲ್ಲಿ ಹಳೆಯ ಟೈಮರ್‌ಗಳು ಉಳಿಯುತ್ತವೆ. ಕರೆಂಟ್ ಮಿಣುಕಲು ಶುರುವಾದಾಗಲೇ ಗೋಡೆಯ ಸ್ವಿಚ್ ಆಫ್ ಮಾಡಿದರೆ ಈ ತಾಪತ್ರಯವಿಲ್ಲ; ಮನೆಯ ಹಿರಿಯರ ಹಳೆಯ ಅಭ್ಯಾಸಕ್ಕೆ ಇಲ್ಲಿ ಪೂರ್ತಿ ಅಂಕ, ಆಮೇಲೆ ಆನ್ ಮಾಡಲು ನೆನಪಿದ್ದರೆ.

ರೂಟರ್ ದೀಪ ಉರಿಯುತ್ತದೆ, ವೈಫೈ ಹೆಸರೂ ಕಾಣುತ್ತದೆ, ಆದರೆ ಒಂದೆರಡು ನಿಮಿಷಕ್ಕೊಮ್ಮೆ ತಾನೇ ರೀಸ್ಟಾರ್ಟ್ ಆಗುತ್ತದೆ ಎಂದರೆ ಅಡಾಪ್ಟರ್ ಬದಲಿಸಿ ನೋಡಿ. ಕರೆಂಟ್ ಮರಳುವಾಗಿನ ವೋಲ್ಟೇಜ್ ಏರಿಳಿತಕ್ಕೆ ಮೊದಲು ಬಲಿಯಾಗುವುದು ಅದರೊಳಗಿನ ಕೆಪಾಸಿಟರ್. ದೀಪ ಉರಿಸುವಷ್ಟು ಶಕ್ತಿ ಅದರಲ್ಲಿ ಉಳಿದಿರುತ್ತದೆ, ವೈಫೈ ಜೋರಾಗಿ ಓಡಿಸುವಷ್ಟು ಇರುವುದಿಲ್ಲ. ಹೊಸದು ಕೊಳ್ಳುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. ಪಿನ್ ಕೂಡುತ್ತದೆ ಎಂದು 12 ವೋಲ್ಟ್ ರೂಟರ್‌ಗೆ ಬೇರೆ ಯಾವುದನ್ನೋ ಚುಚ್ಚಬೇಡಿ.

ಕರೆಂಟ್ ಬಂದಾಗ ಉಪಕರಣ ಹೇಗೆ ಏಳಬೇಕು ಎಂಬ ಆಯ್ಕೆ ಹಲವು ಆ್ಯಪ್‌ಗಳಲ್ಲಿದೆ: ಆನ್, ಆಫ್, ಅಥವಾ ಮೊದಲಿದ್ದ ಸ್ಥಿತಿ. ಮಲಗುವ ಕೋಣೆಯ ಬಲ್ಬಿಗೆ ‘ಮೊದಲಿದ್ದ ಸ್ಥಿತಿ’ ಇಡಿ, ಇಲ್ಲವಾದರೆ ನಡುರಾತ್ರಿ ಎರಡು ಗಂಟೆಗೆ ಕರೆಂಟ್ ಬಂದಾಗ ಕೋಣೆ ಝಗ್ಗೆಂದು ಬೆಳಗುತ್ತದೆ. ಗೀಸರ್‌ಗೆ ಮಾತ್ರ ತಪ್ಪದೆ ‘ಆಫ್’. ಎಲ್ಲರೂ ಊರಿಗೆ ಹೋಗಿರುವಾಗ ಕರೆಂಟ್ ಬಂದು ಅದು ತಾನೇ ಕಾಯತೊಡಗುವುದು ಬೇಡ. 3 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ, 10 ಆಂಪಿಯರ್ ಸ್ಮಾರ್ಟ್ ಪ್ಲಗ್ ಅದಕ್ಕೆ ಸಲ್ಲದು. 16 ಆಂಪಿಯರಿನದೇ ಬೇಕು. ಬೋರ್‌ವೆಲ್ ಮೋಟರನ್ನು ಇಂಥ ಪ್ಲಗ್‌ಗೆ ಸಿಕ್ಕಿಸುವ ಉತ್ಸಾಹವನ್ನಂತೂ ನಾನು ಒಪ್ಪುವುದಿಲ್ಲ.

ಓಎನ್‌ಟಿ, ರೂಟರ್, ಹಬ್ ಮೂರನ್ನೂ ಯುಪಿಎಸ್ ಲೈನಿಗೆ ಹಾಕಿದರೆ ಮೇಲಿನ ತಲೆನೋವುಗಳಲ್ಲಿ ಅರ್ಧದಷ್ಟು ಬರುವುದಿಲ್ಲ. ಹಾಕಿದರೂ ಕರೆಂಟ್ ಹೋದ ಕ್ಷಣಕ್ಕೆ ರೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರ್ ಪೆಟ್ಟಿಗೆಯ ಹಿಂದೆ ‘ಯುಪಿಎಸ್’ ಮತ್ತು ‘ಎಕೋ’ ಎಂದು ಬರೆದ ಪುಟ್ಟ ಸ್ವಿಚ್ ಇದೆಯೇ ನೋಡಿ. ಯುಪಿಎಸ್ ಮೋಡಿನಲ್ಲಿ ಸುಮಾರು 10 ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಬದಲಾಗುತ್ತದೆ, ಎಕೋದಲ್ಲಿ 40ರವರೆಗೂ ಹೋಗಬಹುದು. ಹಳ್ಳಿಯಲ್ಲಿ ವೋಲ್ಟೇಜ್ 160-170ಕ್ಕೆ ಇಳಿಯುವ ಮನೆಯಾದರೆ ಯುಪಿಎಸ್ ಮೋಡ್ ಅದನ್ನು ಕರೆಂಟ್ ಎಂದೇ ಒಪ್ಪದೆ ಬ್ಯಾಟರಿ ಖಾಲಿ ಮಾಡುತ್ತದೆ. ಅಂಥಲ್ಲಿ ಎಕೋದಲ್ಲೇ ಬಿಟ್ಟು, ರೂಟರ್‌ಗೂ ಓಎನ್‌ಟಿಗೂ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಬೇರೆಯಾಗಿ ಇಡುವುದು ಮೇಲು. ಮಕ್ಕಳು ಹೊರದೇಶದಲ್ಲಿದ್ದು ಊರಿನ ಮನೆಯ ಕ್ಯಾಮೆರಾ ನೋಡುತ್ತಿದ್ದರೆ, ಆ ಕ್ಯಾಮೆರಾದ ಅಡಾಪ್ಟರನ್ನೂ ಯುಪಿಎಸ್ ಲೈನಿನ ಪಾಯಿಂಟಿಗೇ ಹಾಕಿಸಿ.