ಯಂತ್ರ ಮಾತನಾಡಿದಾಗ ಮಗು ಏನು ಕಲಿಯುತ್ತದೆ?

ಸಂಜೆಯ ಹೊತ್ತು. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಸೆರಗು ಹಿಡಿದು ಜಗ್ಗುವ ಮೂರು ವರ್ಷದ ಮಗುವಿಗೆ ಏನು ಕೊಟ್ಟರೂ ಸಮಾಧಾನವಿಲ್ಲ. ಕೊನೆಗೆ ತಾಯಿ ಮೊಬೈಲು ಕೊಡುತ್ತಾಳೆ. ಅಳು ತಟ್ಟನೆ ನಿಲ್ಲುತ್ತದೆ. ಪರದೆಯ ಮೇಲೆ ಅ, ಆ, ಇ, ಈ ಬಣ್ಣದ ಅಂಗಿ ತೊಟ್ಟು ಕುಣಿಯುತ್ತವೆ. ಆನೆಯೊಂದು ಹಾಡು ಹೇಳುತ್ತದೆ. ‘ಹೋಗಲಿ, ನಾಲ್ಕು ಅಕ್ಷರವಾದರೂ ಕಲಿತೀತು’ ಎಂದುಕೊಂಡು ತಾಯಿ ಅಡಿಗೆಯತ್ತ ತಿರುಗುತ್ತಾಳೆ. ಕೈತುಂಬ ಕೆಲಸವಿರುವ ಆಕೆಯನ್ನು ಯಾರು ತಾನೆ ದೂರಿಯಾರು? ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮಗು ಸುಮ್ಮನಾದದ್ದು ನಿಜ, ಅದು ಕಲಿಯಿತೆ?

ಇದು ಒಂದು ಮನೆಯ ಪ್ರಶ್ನೆಯಲ್ಲ. ಅನೇಕ ಶಿಶುವಿಹಾರಗಳಿಗೂ ಕೆಲವು ಅಂಗನವಾಡಿಗಳಿಗೂ ದೂರದರ್ಶನದ ಪೆಟ್ಟಿಗೆ, ಟ್ಯಾಬ್ಲೆಟ್ಟು, ಧ್ವನಿವರ್ಧಕ ಬಂದು ಸೇರಿವೆ. ಅವುಗಳನ್ನು ಬೇಡವೆಂದು ಅಟ್ಟಕ್ಕೆ ಹಾಕಬೇಕೆ, ಇಲ್ಲವೆ ಮಕ್ಕಳನ್ನು ಅವುಗಳ ಮುಂದೆ ಕೂರಿಸಿ ನಿಶ್ಚಿಂತೆಯಿಂದ ಇರಬಹುದೆ ಎಂದು ಹಿರಿಯರು ಯೋಚಿಸುತ್ತಿದ್ದಾರೆ. ಹುಟ್ಟಿದಂದಿನಿಂದ ಆರರವರೆಗಿನ ವರ್ಷಗಳು ಮಾತು ಚಿಗುರುವ ವರ್ಷಗಳು. ಕಳೆದರೆ ಮರಳಿ ಬಾರವು. ಆದ್ದರಿಂದ ಈ ವಿಷಯವನ್ನು ಊಹೆಗೆ ಬಿಡದೆ, ಪರೀಕ್ಷೆಗಳಿಂದ ತಿಳಿದುಬಂದುದೇನು ಎಂದು ನೋಡುವುದು ಒಳ್ಳೆಯದು.

ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯ ಕುಹ್ಲ್ ಮತ್ತು ಅವರ ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಇಂಗ್ಲಿಷ್ ಮನೆಮಾತಿನ, ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಮಾತನ್ನು ಕೇಳಿಸಿದರು. ಒಂದು ಗುಂಪಿನ ಕೂಸುಗಳ ಎದುರಿಗೇ ಚೀನೀ ಭಾಷಿಕರು ಕುಳಿತು ಪುಸ್ತಕ ಓದಿದರು, ಆಟದ ಸಾಮಾನು ತೋರಿಸಿ ಆಡಿಸಿದರು. ಒಂದೊಂದು ಸಲಕ್ಕೆ 25 ನಿಮಿಷ. ಒಟ್ಟು 12 ಸಲ. ಎರಡನೆಯ ಗುಂಪು ಅವರನ್ನೇ ದೂರದರ್ಶನದ ತೆರೆಯ ಮೇಲೆ ನೋಡಿತು. ಮೂರನೆಯದು ಅವರ ಧ್ವನಿಯನ್ನಷ್ಟೇ ಕೇಳಿತು. ಕೊನೆಗೆ ಪರೀಕ್ಷಿಸಿದಾಗ, ಎದುರಿಗೆ ಮನುಷ್ಯರಿದ್ದ ಗುಂಪಿನ ಕೂಸುಗಳು ಚೀನೀ ಭಾಷೆಯ ಸೂಕ್ಷ್ಮವಾದ ಧ್ವನಿಭೇದಗಳನ್ನು ಗುರುತಿಸಿದವು. ಉಳಿದೆರಡು ಗುಂಪುಗಳವು, ಆ ಭಾಷೆಯನ್ನು ಕೇಳಿಯೇ ಇರದ ಕೂಸುಗಳಿಗಿಂತ ಏನೂ ಮೇಲಾಗಿರಲಿಲ್ಲ. ಬರಿಯ ಧ್ವನಿಯೂ ಸಾಲದೆಹೋಯಿತು ಎಂಬುದನ್ನು ಬಾನುಲಿಯನ್ನು ಮೆಚ್ಚಿದ ನಾವೂ ಒಪ್ಪಿಕೊಳ್ಳಬೇಕು.

ಇನ್ನು ಸ್ವಲ್ಪ ದೊಡ್ಡ ಮಕ್ಕಳ ಮಾತು. ಜಾರ್ಜೀನ್ ಟ್ರೋಸೆತ್ ಮತ್ತು ಜೂಡಿ ಡಿಲೋಷ್ ಎಂಬಿಬ್ಬರು ಎರಡು ವರ್ಷದ ಮಕ್ಕಳೊಡನೆ ಆಡಿದ ಬಚ್ಚಿಡುವ ಆಟದ ವಿವರ 1998ರಲ್ಲಿ ಹೊರಬಂತು. ಪಕ್ಕದ ಕೋಣೆಯಲ್ಲಿ ಒಂದು ಬೊಂಬೆಯನ್ನು ಬಚ್ಚಿಡುತ್ತಾರೆ; ಮಗು ಅದನ್ನು ನೋಡಿ, ಆಮೇಲೆ ಹೋಗಿ ಹುಡುಕಬೇಕು. ಕಿಟಕಿಯಿಂದ ನೋಡಿದ ಮಕ್ಕಳು ಸುಲಭವಾಗಿ ಹುಡುಕಿ ತಂದರು. ಅದನ್ನೇ ದೂರದರ್ಶನದಲ್ಲಿ ನೋಡಿದವರು ಬಹುಮಟ್ಟಿಗೆ ತಡಕಾಡಿದರು. ಎರಡೂವರೆ ವರ್ಷದವರಿಗೆ ಈ ತೊಡಕು ಅಷ್ಟಾಗಿ ಬರಲಿಲ್ಲ. ಪೆಟ್ಟಿಗೆಯೊಳಗಿನ ಚಿತ್ರಕ್ಕೂ ತನ್ನ ಸುತ್ತಣ ಲೋಕಕ್ಕೂ ಇರುವ ನಂಟು ಎಳೆಯ ಮಗುವಿಗೆ ತಾನಾಗಿ ಹೊಳೆಯುವುದಿಲ್ಲ. ಅದನ್ನು ಯಾರಾದರೂ ಹೊಂದಿಸಿ ಕೊಡಬೇಕಾಗುತ್ತದೆ.

ಕಾರಣ ತಿಳಿಯಲು ದೂರ ಹೋಗಬೇಕಾಗಿಲ್ಲ. ಅಜ್ಜಿ ಮೊಮ್ಮಗುವಿಗೆ ಊಟ ಮಾಡಿಸುವುದನ್ನು ನೋಡಿದರೆ ಸಾಕು. ಮಗುವಿನ ಕಣ್ಣು ಕಾಂಪೌಂಡಿನ ಮೇಲೆ ಕುಳಿತ ಕಾಗೆಯ ಕಡೆ ಹೋಗುತ್ತದೆ. ಅದನ್ನು ಗಮನಿಸಿದ ಅಜ್ಜಿ, ‘ಅಕೋ ಕಾಗೆ! ಕಾಗೆ ಏನನ್ನುತ್ತೆ, ಪುಟ್ಟ?’ ಎಂದು ಕೇಳಿ, ತುತ್ತನ್ನು ಕೈಯಲ್ಲೇ ಹಿಡಿದು ಕಾಯುತ್ತಾಳೆ. ಮಗು ‘ಕಾ’ ಎನ್ನುತ್ತದೆ. ‘ಹೂಂ, ಕಾ ಕಾ ಅನ್ನುತ್ತೆ. ಪಾಪ, ಅದಕ್ಕೂ ಹಸಿವೆ. ಒಂದು ತುತ್ತು ಹಾಕೋಣವೆ?’ ಇಲ್ಲಿ ಮೂರು ಕೆಲಸಗಳು ನಡೆದುವು. ಮಗು ನೋಡಿದ್ದನ್ನೇ ಹಿರಿಯರು ಹೆಸರಿಸಿದರು. ಉತ್ತರಕ್ಕೆ ಬಿಡುವು ಕೊಟ್ಟರು. ಬಂದ ಉತ್ತರಕ್ಕೆ ಇನ್ನೆರಡು ಮಾತು ಸೇರಿಸಿ ಹಿಂದಿರುಗಿಸಿದರು. ಮೊದಲೇ ಚಿತ್ರಿಸಿಟ್ಟ ಆಟಪಾಟಗಳು ಈ ಮೂರರಲ್ಲಿ ಒಂದನ್ನೂ ತಕ್ಕಂತೆ ಮಾಡಲಾರವು. ಮಗು ನೋಡಲಿ ಬಿಡಲಿ, ಉತ್ತರ ಹೇಳಲಿ ಬಿಡಲಿ, ಪರದೆಯ ಆನೆ ತನ್ನ ಹಾಡನ್ನು ಹಾಡಿ ಮುಗಿಸುತ್ತದೆ.

ಹಾಗಾದರೆ ತಪ್ಪು ಪರದೆಯದೆ? ಅಲ್ಲವೆಂದು 2014ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ತೋರಿಸಿತು. ಸಾರಾ ರೋಸ್‌ಬೆರಿ ಮತ್ತು ಸಂಗಡಿಗರು ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಪದಗಳನ್ನು ಕಲಿಸಿದರು. ಎದುರಿಗೆ ಕುಳಿತು ಕಲಿಸಿದಾಗ ಮಕ್ಕಳು ಕಲಿತರು. ವಿಡಿಯೊ ಕರೆಯಲ್ಲಿ ಮಾತನಾಡಿ ಕಲಿಸಿದಾಗಲೂ ಕಲಿತರು. ಬೇರೊಂದು ಮಗುವಿನೊಡನೆ ಮಾತನಾಡಿದ್ದನ್ನು ಚಿತ್ರಿಸಿಟ್ಟು ತೋರಿಸಿದಾಗ ಮಾತ್ರ ಕಲಿಯಲಿಲ್ಲ. ಪರದೆ ಎರಡು ಕಡೆಯೂ ಇತ್ತು. ಮಗುವಿನ ಮಾತಿಗೆ ಮರುಮಾತು ಬಂದದ್ದು ಒಂದು ಕಡೆ ಮಾತ್ರ. ದೂರದ ಊರಿನ ತಾತ ವಿಡಿಯೊ ಕರೆಯಲ್ಲಿ ‘ಇವತ್ತು ಏನು ತಿಂಡಿ ತಿಂದೆ?’ ಎಂದು ಕೇಳಿ ಉತ್ತರಕ್ಕೆ ಕಾದರೆ, ಆ ಹೊತ್ತು ವ್ಯರ್ಥವಾಗುವುದಿಲ್ಲ.

ಒಳ್ಳೆಯ ಪ್ರಸಾರಕರು ಈ ಸಂಗತಿಯನ್ನು ಇಂಥ ಪರೀಕ್ಷೆಗಳಿಗಿಂತ ಬಹು ಮೊದಲೇ ಅರಿತಿದ್ದರು. ಬಿ.ಬಿ.ಸಿ.ಯು 1950ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಧ್ಯಾಹ್ನದ ಕಾಲು ಗಂಟೆಯ ಬಾನುಲಿ ಕಾರ್ಯಕ್ರಮವನ್ನು ಆರಂಭಿಸಿ, ಅದಕ್ಕೆ ‘ತಾಯಿಯೊಡನೆ ಕೇಳು’ ಎಂಬರ್ಥದ ಹೆಸರನ್ನಿಟ್ಟಿತು. ಕಥೆ, ಹಾಡು ಬಾನುಲಿಯವು. ಜೊತೆಗೆ ಕೂರುವವಳು ತಾಯಿ ಎಂಬುದು ಹೆಸರಿನಲ್ಲಿಯೇ ಇತ್ತು. ಆ ಕಾರ್ಯಕ್ರಮ 1982ರವರೆಗೆ ನಡೆಯಿತು.

ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ 1974ರಲ್ಲಿ ಆರಂಭವಾದ ಲೆಕ್ಕದ ಬಾನುಲಿ ಪಾಠಗಳು ಇನ್ನೂ ಒಂದು ಹೆಜ್ಜೆ ಮುಂದಿಟ್ಟವು. ಅವು ಒಂದನೆಯ ತರಗತಿಯಿಂದ ಮೊದಲಾದವು. ಬಾನುಲಿಯ ಪಾತ್ರ ಒಂದು ಪ್ರಶ್ನೆ ಕೇಳಿ ಕೆಲವು ಕ್ಷಣ ಮೌನವಾಗುತ್ತಿತ್ತು. ಆ ಮೌನದಲ್ಲಿ ಮಕ್ಕಳೆಲ್ಲ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದರು. ಕಲ್ಲು, ಕಡ್ಡಿಗಳನ್ನು ಎಣಿಸುತ್ತಿದ್ದರು. ಆಮೇಲೆ ಬಾನುಲಿ ಸರಿಯುತ್ತರವನ್ನು ಹೇಳುತ್ತಿತ್ತು. ಒಂದು ಪಾಠಕ್ಕೆ ಹತ್ತಾರು ಬಾರಿ ಹೀಗೆ. ಪರೀಕ್ಷೆಯಲ್ಲಿ ಈ ಮಕ್ಕಳು ಉಳಿದ ತರಗತಿಗಳವರಿಗಿಂತ ಮುಂದಿದ್ದರು. ಪ್ರಸಾರದಲ್ಲಿ ಮೌನವೆಂದರೆ ದೋಷವೆಂದು ಭಾವಿಸುವವರು ಈ ಮಾತನ್ನು ನೆನಪಿಡಬೇಕು.

ದೂರದರ್ಶನದ ಅನುಭವವೂ ಇದನ್ನೇ ಹೇಳುತ್ತದೆ. 1969ರ ನವೆಂಬರ್ 10ರಂದು ಅಮೆರಿಕದಲ್ಲಿ ಪ್ರಾರಂಭವಾದ ‘ಸೆಸಮಿ ಸ್ಟ್ರೀಟ್’ ಎಂಬ ಬೊಂಬೆಗಳ ಕಾರ್ಯಕ್ರಮ ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ, ಅದರಲ್ಲೂ ಬಡವರ ಮಕ್ಕಳಿಗೆ, ಅಕ್ಷರ ಮತ್ತು ಎಣಿಕೆ ಕಲಿಸಲು ಹೊರಟಿತು. ಅದನ್ನು ರೂಪಿಸಿದವರು ಬಹಳ ಶ್ರಮಪಟ್ಟರು. ದೂರದರ್ಶನದ ಪಕ್ಕದಲ್ಲೇ ಏಳೂವರೆ ಸೆಕೆಂಡಿಗೊಮ್ಮೆ ಬದಲಾಗುವ ಬೇರೆ ಚಿತ್ರಗಳನ್ನಿಟ್ಟು, ಮಗು ಯಾವ ಘಳಿಗೆಯಲ್ಲಿ ಅತ್ತ ತಿರುಗುತ್ತದೆಂದು ಬರೆದುಕೊಂಡರು. ಮಗು ಕಣ್ಣು ತೆಗೆದ ಭಾಗಗಳನ್ನು ತಿದ್ದಿದರು. 1970ರಲ್ಲಿ ಅದರ ಫಲವನ್ನು ಅಳೆದಾಗ, ಹೆಚ್ಚು ನೋಡಿದ ಮಕ್ಕಳು ಹೆಚ್ಚು ಕಲಿತಿದ್ದರು. ಅವರಲ್ಲಿಯೂ ಬಹಳವಾಗಿ ಕಲಿತವರ ತಾಯಂದಿರು ಮಕ್ಕಳ ಜೊತೆಗೆ ಕುಳಿತು ನೋಡಿ, ನೋಡಿದ್ದನ್ನು ಕುರಿತು ಮಾತನಾಡುವವರಾಗಿದ್ದರು.

ಈಗ ನಮ್ಮ ನಾಡಿಗೆ ಬರೋಣ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿದ ‘ಸೈಟ್’ ಪ್ರಯೋಗ ನಡೆಯಿತು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಗಿನ ಇಪ್ಪತ್ತೆರಡೂವರೆ ನಿಮಿಷ 5ರಿಂದ 12 ವರ್ಷದ ಮಕ್ಕಳಿಗೆ ಮೀಸಲಾಗಿತ್ತು. ಅದೇ ವರ್ಷದ ಅಕ್ಟೋಬರ್ 2ರಂದು, ಅಂಗನವಾಡಿಗಳಿಗೆ ತಳಹದಿಯಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಅವುಗಳಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. ಒಂದು ದಾರಿಯಲ್ಲಿ ಆಕಾಶದಿಂದ ಬಂದ ಧ್ವನಿ ಒಮ್ಮೆಗೇ ಸಾವಿರಾರು ಮಕ್ಕಳನ್ನು ಮುಟ್ಟುತ್ತದೆ; ಆದರೆ ಅದಕ್ಕೆ ಒಂದು ಮಗುವಿನ ಉತ್ತರವೂ ಕೇಳಿಸುವುದಿಲ್ಲ. ಇನ್ನೊಂದು ದಾರಿಯಲ್ಲಿ ಅದೇ ಬೀದಿಯ ಹೆಂಗಸು ಮಕ್ಕಳ ನಡುವೆ ಕುಳಿತಿರುತ್ತಾಳೆ; ಆಕೆಗೆ ಪ್ರತಿ ಮಗುವಿನ ಹೆಸರೂ ಗೊತ್ತು. ಈ ಎರಡೂ ಕೂಡಿದ ಕಡೆ ಯಂತ್ರ ಕಲಿಕೆಗೆ ನೆರವಾಗುತ್ತದೆ.

ಕೂಡಿಸುವುದು ಕಷ್ಟವೇನಲ್ಲ. ಶಿಶುಗೀತೆಯನ್ನು ಒಮ್ಮೆ ಪೂರ್ತಿಯಾಗಿ ಕೇಳಿಸಬೇಕು. ಎರಡನೆಯ ಸಲ ಸಾಲಿನ ಕೊನೆಯ ಪದಕ್ಕೆ ಮುಂಚೆ ಧ್ವನಿಯನ್ನು ನಿಲ್ಲಿಸಬೇಕು. ಆ ಪದವನ್ನು ಮಕ್ಕಳೇ ತುಂಬಲಿ. ಕಥೆಯನ್ನು ನಡುವೆ ನಿಲ್ಲಿಸಿ, ‘ಮೊಲ ಈಗ ಎಲ್ಲಿಗೆ ಹೋದೀತು?’ ಎಂದು ಕೇಳಬೇಕು. ಪರದೆಯ ಮೇಲೆ ಐದು ಮಾವಿನಹಣ್ಣು ಎಣಿಸಿದ ಮೇಲೆ, ಮಕ್ಕಳ ಕೈಗೆ ಹುಣಿಸೆಬೀಜ ಕೊಟ್ಟು ಐದನ್ನು ಎಣಿಸಿಸಬೇಕು; ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಂಡರಾಯಿತು. ಮೊಬೈಲಿನಿಂದ ಅಂಗಳದ ರಂಗೋಲಿಯನ್ನೋ ಇರುವೆಗಳ ಸಾಲನ್ನೋ ಚಿತ್ರ ತೆಗೆದು, ‘ಇದೇನೆಂದು ಎಲ್ಲರಿಗೂ ಹೇಳು’ ಎನ್ನಬಹುದು. ಮಗು ಹೇಳಿದ ಕಥೆಯನ್ನು ಧ್ವನಿಮುದ್ರಿಸಿ ಅದಕ್ಕೇ ಕೇಳಿಸಬಹುದು. ಮನೆಯಲ್ಲಿ ತುಳು, ಉರ್ದು, ತೆಲುಗು, ಲಂಬಾಣಿ ಆಡುವ ಮಗು ಹೊಸ ಶಾಲೆಯಲ್ಲಿ ಮೂಕವಾಗಿ ಕುಳಿತಿದ್ದರೆ, ಅದರ ಅಜ್ಜಿಯ ಹಾಡೊಂದನ್ನು ಮುದ್ರಿಸಿ ತಂದು ಎಲ್ಲರಿಗೂ ಕೇಳಿಸಬಹುದು. ಅಂದು ಆ ಮಗುವೇ ಉಳಿದವರಿಗೆ ಅರ್ಥ ಹೇಳುವಂತಾಗುತ್ತದೆ.

ಮಿತಿಯೂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷ ತುಂಬುವವರೆಗೆ ಮಕ್ಕಳನ್ನು ಪರದೆಯ ಮುಂದೆ ಕೂರಿಸದಿರುವುದೇ ಲೇಸು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಮೂರು ಗಂಟೆಯಾದರೂ ಓಡಾಟ, 10ರಿಂದ 13 ಗಂಟೆಗಳ ನಿದ್ರೆ ಬೇಕೆಂದೂ ಆ ಸಂಸ್ಥೆ ಹೇಳಿದೆ. ಓಟಕ್ಕೂ ನಿದ್ರೆಗೂ ಸಲ್ಲಬೇಕಾದ ಹೊತ್ತನ್ನು ಪರದೆ ಕಸಿಯಬಾರದು.

ಒಲೆಯ ಮುಂದಿರುವ ತಾಯಿಗೆ ಏನು ಹೇಳೋಣ? ಸಾರು ಇಳಿಸುವವರೆಗೆ ಮಗು ಹತ್ತು ನಿಮಿಷ ಹಾಡು ಕೇಳಿದರೆ ಮುಳುಗಿಹೋಗುವುದೇನೂ ಇಲ್ಲ. ಅಡಿಗೆ ಮಾಡುತ್ತಲೇ, ‘ಆನೆ ಏನಂತು?’ ಎಂದು ಆಕೆ ಕೇಳಬಹುದು. ಮನೆಗೆ ಬಂದ ತಂದೆಯೂ ಕೇಳಬಹುದು. ಮಗು ತೊದಲಿದರೆ ಅವಸರಪಡಿಸದೆ ಕಾಯಬೇಕು. ಕಾರ್ಯಕ್ರಮ ಬಾನುಲಿಯದಾಗಲಿ, ದೂರದರ್ಶನದ್ದಾಗಲಿ, ಮೊಬೈಲಿನದಾಗಲಿ, ಅದು ಮುಗಿದ ಮೇಲೆ ಮಗುವಿನ ಬಾಯಿಂದ ಎಷ್ಟು ಮಾತು ಹೊರಟಿತೆಂದು ನೋಡಿಕೊಂಡರೆ, ಅದು ಕಲಿಯಿತೋ ಸುಮ್ಮನಾಯಿತೋ ಎಂಬುದು ಮನೆಯವರಿಗೇ ತಿಳಿಯುತ್ತದೆ.