ಕಲ್ಪಿತ ಯಂತ್ರದ ದ್ವಾರಪಾಲಕ

ಕಂಪ್ಯೂಟರಿನ ಪ್ರೊಸೆಸರು ಯಾವುದೋ ಲೆಕ್ಕದಲ್ಲಿ ಮಗ್ನವಾಗಿರುವಾಗ ನಾವು ಕೀಲಿಮಣೆಯ ಗುಂಡಿಯೊಂದನ್ನು ಒತ್ತುತ್ತೇವೆ. ಒಡನೆಯೇ ತೆರೆಯ ಮೇಲೆ ಅಕ್ಷರವು ಮೂಡುತ್ತದೆ. ಈ ಸುದ್ದಿಯು ಪ್ರೊಸೆಸರಿಗೆ ಮುಟ್ಟಿದ ಬಗೆ ಹೇಗೆ? ಕೀಲಿಮಣೆ, ಡಿಸ್ಕು ಮೊದಲಾದ ಉಪಕರಣಗಳು ಪ್ರೊಸೆಸರಿನ ಗಮನ ಸೆಳೆಯಲು ಕಳುಹಿಸುವ ಸಂಕೇತಕ್ಕೆ ಇಂಟರಪ್ಟ್ ಎಂದು ಹೆಸರು. ಹಲವು ಸಂಕೇತಗಳು ಏಕಕಾಲದಲ್ಲಿ ಬಂದರೆ ಯಾವುದಕ್ಕೆ ಮೊದಲ ಮನ್ನಣೆ ಎಂಬುದನ್ನು ಇಂಟರಪ್ಟ್ ನಿಯಂತ್ರಕವು ನಿರ್ಣಯಿಸುತ್ತದೆ. ಅಧಿಕಾರಿಯ ಕೋಣೆಯ ಬಾಗಿಲಲ್ಲಿ ನಿಂತು, ಬಂದವರನ್ನು ಸರದಿಯಂತೆ ಒಳಬಿಡುವ ದಫೇದಾರನ ಕೆಲಸವೇ ಇದರದು.

1981ರ ಐಬಿಎಂ ಪಿಸಿಯಲ್ಲಿ ಈ ಕೆಲಸಕ್ಕಾಗಿ ಇಂಟೆಲ್ ಸಂಸ್ಥೆಯ 8259ಎ ಎಂಬ ಒಂದು ಚಿಪ್ಪು ಇದ್ದಿತು; ಅದಕ್ಕೆ 8 ತಂತಿಗಳು. 1984ರ ಪಿಸಿ ಎಟಿಯಲ್ಲಿ ಅಂಥ ಎರಡು ಚಿಪ್ಪುಗಳನ್ನು ಜೋಡಿಸಿದರು. ಒಂದು ತಂತಿಯು ಜೋಡಣೆಗೇ ವ್ಯಯವಾದುದರಿಂದ ಉಪಕರಣಗಳಿಗೆ ಉಳಿದವು 15. ಮುಂದೆ ಉಪಕರಣಗಳು ಹೆಚ್ಚಿದಂತೆ ಎರಡು ಮೂರು ಉಪಕರಣಗಳು ಒಂದೇ ತಂತಿಯನ್ನು ಹಂಚಿಕೊಳ್ಳಬೇಕಾಯಿತು.

ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು ಕಲ್ಪಿಸಿ ನಡೆಸುವ ತಂತ್ರಾಂಶವೇ ಹೈಪರ್‌ವೈಸರ್. 2007ರಲ್ಲಿ ಲಿನಕ್ಸ್ ಕರ್ನಲನ್ನು ಸೇರಿದ ಕೆವಿಎಂ ಇದಕ್ಕೊಂದು ಉದಾಹರಣೆ. ಕಲ್ಪಿತ ಯಂತ್ರದಲ್ಲಿ ಓಡುವ ಕಾರ್ಯಕ್ರಮವು ನಿಜವಾದ ಯಂತ್ರದಲ್ಲಿ ನಡೆಯುವಂತೆಯೇ ನಡೆಯಬೇಕೆಂದು ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು 1974ರಲ್ಲೇ ವಿಧಿಸಿದ್ದರು. ಆದುದರಿಂದ 8259ಎ ಚಿಪ್ಪಿನ ನಡವಳಿಕೆಯನ್ನೂ ತಂತ್ರಾಂಶದಲ್ಲಿ ಅನುಕರಿಸಬೇಕಾಗುತ್ತದೆ. ಅನುಕರಣೆಯು ತಪ್ಪುವುದೆಲ್ಲಿ ಎಂಬುದನ್ನು ಈಗ ನೋಡೋಣ.

ಡಿಸ್ಕೂ ನೆಟ್‌ವರ್ಕ್ ಕಾರ್ಡೂ ಒಂದೇ ತಂತಿಯಲ್ಲಿವೆ ಎನ್ನೋಣ. ಎರಡೂ ಒಟ್ಟಿಗೆ ಸಂಕೇತ ನೀಡುತ್ತವೆ. ಅನುಕರಿಸುವ ತಂತ್ರಾಂಶವು ತಂತಿಯ ಸ್ಥಿತಿಯನ್ನು ಒಂದೇ ಬಿಟ್ಟಿನಲ್ಲಿ 1 ಎಂದು ಬರೆದಿಡುತ್ತದೆ. ಕಾರ್ಡಿನ ಕೆಲಸ ಮುಗಿದೊಡನೆ ಅದು ತನ್ನ ಸಂಕೇತವನ್ನು ಹಿಂತೆಗೆದುಕೊಳ್ಳುತ್ತದೆ. ಬಿಟ್ಟು 0 ಆಗುತ್ತದೆ. ಅದರೊಂದಿಗೆ ಡಿಸ್ಕಿನ ಕೋರಿಕೆಯೂ ಅಳಿಸಿಹೋಗುತ್ತದೆ! ಡಿಸ್ಕು ಕಡತವನ್ನು ಓದಿ ಮುಗಿಸಿದೆ. ಆದರೆ ಕಲ್ಪಿತ ಯಂತ್ರಕ್ಕೆ ಅದು ತಿಳಿಯದು. ಬಾರದ ಸುದ್ದಿಗಾಗಿ ಕಾಯುತ್ತ ಅದು ಸ್ತಬ್ಧವಾಗುತ್ತದೆ. ಆಸ್ಪತ್ರೆಯ ದಾಖಲೆಗಳೋ ಬ್ಯಾಂಕಿನ ಲೆಕ್ಕಗಳೋ ಅದರಲ್ಲಿದ್ದರೆ ಅವೂ ನಿಂತಂತೆಯೇ.

ನಿಜವಾದ ಯಂತ್ರದಲ್ಲಿ ಈ ತೊಡಕು ಏಕಿಲ್ಲ? ಗಂಟೆಯ ಹಗ್ಗವೊಂದನ್ನು ಇಬ್ಬರು ಜಗ್ಗಿ ಹಿಡಿದಿದ್ದರೆ ಒಬ್ಬನು ಕೈಬಿಟ್ಟ ಮಾತ್ರಕ್ಕೆ ಹಗ್ಗವು ಸಡಿಲವಾಗುವುದಿಲ್ಲ. ಅಂತೆಯೇ ಒಂದು ಉಪಕರಣವಾದರೂ ಸಂಕೇತ ನೀಡುತ್ತಿರುವವರೆಗೆ ತಾಮ್ರದ ತಂತಿಯು ಅದನ್ನು ತೋರುತ್ತಲೇ ಇರುತ್ತದೆ. ಲೋಹವು ತಾನಾಗಿ ಮಾಡುತ್ತಿದ್ದ ಈ ಕೆಲಸವನ್ನು ತಂತ್ರಾಂಶದಲ್ಲಿ ಬರೆದೇ ತೀರಬೇಕು.

ಪರಿಹಾರವು ಚಿಕ್ಕದು. ಸಂಕೇತದ ಪ್ರತಿಯೊಂದು ಮೂಲಕ್ಕೂ ಪ್ರತ್ಯೇಕ ಬಿಟ್ಟನ್ನು ಕೊಟ್ಟು, ಎಲ್ಲವೂ 0 ಆದಾಗ ಮಾತ್ರ ತಂತಿಯು ಬಿಡುವಾಯಿತೆಂದು ಎಣಿಸುವುದು. ಕೆವಿಎಂ ಅನುಸರಿಸುವ ಕ್ರಮ ಇದೇ. ಒಂದು ಇಂಟರಪ್ಟಿನ ಸೇವೆ ಮುಗಿದ ಬಳಿಕ, ಹಂಚಿಕೊಂಡ ತಂತಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಕೋರಿಕೆ ಇನ್ನೂ ಉಳಿದಿದ್ದರೆ ಪುನಃ ತಿಳಿಸುವುದೂ ಅವಶ್ಯಕ.

ಪದವಿಪೂರ್ವ ತರಗತಿಯ ತರ್ಕದ್ವಾರಗಳ ಪಾಠದಲ್ಲಿ ಬರುವ ‘ಆರ್’ ದ್ವಾರವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಒಳಬರುವ ಒಂದಾದರೂ 1 ಇದ್ದರೆ ಹೊರಬರುವುದು 1 ಎಂಬ ಅದರ ನಾಲ್ಕು ಸಾಲಿನ ಕೋಷ್ಟಕವೇ ನಿಂತ ಯಂತ್ರವನ್ನು ಮತ್ತೆ ನಡೆಸಬಲ್ಲುದು.