ನೆಟಿಕೆ ಮುರಿಯುವುದು

ನೆಟಿಕೆ (ಲಟಿಕೆ) ಮುರಿಯುವುದು ಎಂದರೆ ಕೈಬೆರಳುಗಳನ್ನು ಎಳೆದು, ಮಡಿಸಿ ಅಥವಾ ಹಿಂದಕ್ಕೆ ಬಾಗಿಸಿ ಕೀಲುಗಳಿಂದ ‘ಲಟ್’ ಎಂಬ ಸದ್ದು ಬರಿಸುವ ಕ್ರಿಯೆ. ಕರ್ನಾಟಕದ ಅನೇಕ ಮನೆಗಳಲ್ಲಿ ಮಗುವಿಗೆ ದೃಷ್ಟಿ ತೆಗೆಯುವಾಗ ಹಿರಿಯ ಹೆಂಗಸರು ಮಗುವಿನ ಕೆನ್ನೆಯನ್ನು ಸವರಿ, ಬೆರಳುಗಳನ್ನು ತಮ್ಮ ಕಪಾಲಕ್ಕೆ ಒತ್ತಿ ನೆಟಿಕೆ ಮುರಿಯುತ್ತಾರೆ. ಸದ್ದು ಹೆಚ್ಚಿದಷ್ಟೂ ದೃಷ್ಟಿ ಹೆಚ್ಚು ತಗುಲಿತ್ತೆಂದು ನಂಬಿಕೆ. ಅದೇ ಹಿರಿಯರು, ಮಕ್ಕಳು ಸುಮ್ಮನೆ ಕುಳಿತು ನೆಟಿಕೆ ಮುರಿದರೆ ಗದರಿಸುವುದೂ ಉಂಟು. ಈ ಅಭ್ಯಾಸದಿಂದ ಮುಂದೆ ಸಂಧಿವಾತ ಬರುತ್ತದೆ ಎಂಬ ಭಯ ವ್ಯಾಪಕವಾಗಿದ್ದರೂ ಈವರೆಗಿನ ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ.

ಸದ್ದಿನ ಮೂಲ

ಈ ಸದ್ದು ಮೂಳೆಗೆ ಮೂಳೆ ತಾಗುವುದರಿಂದ ಹುಟ್ಟುವುದಲ್ಲ. ಬೆರಳಿನ ಕೀಲನ್ನು ಒಂದು ಚೀಲ ಆವರಿಸಿದ್ದು, ಅದರೊಳಗೆ ಜಾರುವಿಕೆಗೆ ನೆರವಾಗುವ ಕೀಲುದ್ರವವಿರುತ್ತದೆ. ಬೆರಳನ್ನು ಎಳೆದಾಗ ಕೀಲಿನ ಎಡೆ ಹಿಗ್ಗಿ ಒತ್ತಡ ಥಟ್ಟನೆ ಕುಸಿಯುತ್ತದೆ. ದ್ರವದಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗುತ್ತದೆ. ಸೋಡಾ ಸೀಸೆಯ ಮುಚ್ಚಳ ತೆಗೆದಾಗ ಗುಳ್ಳೆಗಳೇಳುವುದನ್ನು ಇದಕ್ಕೆ ಹೋಲಿಸಬಹುದು. ಅನಿಲ ಮತ್ತೆ ದ್ರವದಲ್ಲಿ ಕರಗಲು ಸುಮಾರು 20 ನಿಮಿಷ ಬೇಕಾಗುವುದರಿಂದ ಅದೇ ಬೆರಳು ಕೂಡಲೇ ಮತ್ತೊಮ್ಮೆ ಸದ್ದು ಮಾಡುವುದಿಲ್ಲ.

ಸದ್ದು ಬರುವುದು ಗುಳ್ಳೆ ಹುಟ್ಟುವಾಗಲೋ ಒಡೆಯುವಾಗಲೋ ಎಂಬುದು ಹಳೆಯ ವಿವಾದ. 1947ರಲ್ಲಿ ರೋಸ್ಟನ್ ಮತ್ತು ಹೇನ್ಸ್ ಹುಟ್ಟುವಾಗ ಎಂದರು. 1971ರಲ್ಲಿ ಅನ್ಸ್‌ವರ್ತ್ ಮತ್ತು ಸಂಗಡಿಗರು ಒಡೆಯುವಾಗ ಎಂದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಎಂ.ಆರ್.ಐ. ಚಿತ್ರಗಳ ಮೂಲಕ ಮೊದಲ ಪಕ್ಷವನ್ನು ಬೆಂಬಲಿಸಿತು. 2018ರ ಒಂದು ಗಣಿತ ಮಾದರಿಯ ಪ್ರಕಾರ ಗುಳ್ಳೆ ಭಾಗಶಃ ಕುಸಿದರೂ ಇಷ್ಟು ಸದ್ದು ಬರಬಲ್ಲದು.

ಕೀಲುಗಳ ಆರೋಗ್ಯ

ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ 50 ವರ್ಷಗಳ ಕಾಲ ಎಡಗೈಯ ನೆಟಿಕೆಯನ್ನು ಮಾತ್ರ ಮುರಿದು, ಎರಡು ಕೈಗಳಲ್ಲೂ ಸಂಧಿವಾತವಿಲ್ಲವೆಂದು 1998ರಲ್ಲಿ ಬರೆದರು. ಇದಕ್ಕೆ 2009ರ ಇಗ್ ನೊಬೆಲ್ ಪ್ರಶಸ್ತಿ ದೊರೆಯಿತು. ಒಬ್ಬನೇ ವ್ಯಕ್ತಿಯ ಪ್ರಯೋಗ ಪುರಾವೆಯಾಗದು. ಆದರೆ 2011ರಲ್ಲಿ 215 ಜನರ ಕೈಗಳ ಎಕ್ಸ್-ರೇ ಪರಿಶೀಲಿಸಿದ ಅಧ್ಯಯನವೂ ಈ ಅಭ್ಯಾಸಕ್ಕೂ ಸಂಧಿವಾತಕ್ಕೂ ಸಂಬಂಧ ಕಾಣಲಿಲ್ಲ. 300 ಜನರನ್ನು ಪರೀಕ್ಷಿಸಿದ 1990ರ ಅಧ್ಯಯನ ಮಾತ್ರ, ಸಂಧಿವಾತ ಹೆಚ್ಚಿಲ್ಲದಿದ್ದರೂ, ನೆಟಿಕೆ ಮುರಿಯುವವರಲ್ಲಿ ಕೈ ಊತ ಮತ್ತು ಹಿಡಿತದ ದೌರ್ಬಲ್ಯ ಹೆಚ್ಚೆಂದು ವರದಿ ಮಾಡಿತು. ಅಭ್ಯಾಸವೇ ಅದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ.

ಸದ್ದಿನೊಂದಿಗೆ ನೋವು, ಊತ ಅಥವಾ ಬೆರಳು ಸಿಕ್ಕಿಕೊಳ್ಳುವುದು ಕಂಡುಬಂದರೆ ವೈದ್ಯರಿಗೆ ತೋರಿಸಬೇಕು.

ಕುತ್ತಿಗೆಯ ನೆಟಿಕೆ

ಬೆರಳಿಗೆ ಹೇಳಿದ್ದು ಕುತ್ತಿಗೆಗೆ ಅನ್ವಯಿಸದು. ಕ್ಷೌರದಂಗಡಿಗಳಲ್ಲಿ ತಲೆ ಮಾಲೀಸಿನ ಕೊನೆಗೆ ಕುತ್ತಿಗೆಯನ್ನು ರಭಸದಿಂದ ತಿರುಗಿಸಿ ‘ಲಟ್’ ಎನಿಸುವ ರೂಢಿಯಿದೆ. ಮಿದುಳಿಗೆ ರಕ್ತ ಒಯ್ಯುವ ಧಮನಿಗಳು ಕುತ್ತಿಗೆಯ ಮೂಲಕವೇ ಸಾಗುತ್ತವೆ. ರಭಸದ ತಿರುವಿನಿಂದ ಧಮನಿಯ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಉಂಟಾಗಬಹುದು. 2024ರಲ್ಲಿ ಬಳ್ಳಾರಿಯಲ್ಲಿ ಹೀಗೆ ಕುತ್ತಿಗೆ ತಿರುಗಿಸಿಕೊಂಡ ಯುವಕನೊಬ್ಬ ಮನೆ ತಲುಪಿದ ಸ್ವಲ್ಪ ಹೊತ್ತಿನಲ್ಲೇ ಮಾತು ತೊದಲಿ, ಎಡಭಾಗದ ಬಲ ಕುಂದಿ ಬೆಂಗಳೂರಿನ ಆಸ್ಪತ್ರೆ ಸೇರಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಇಂತಹ ತಿರುವಿನ ನಂತರ ತೀವ್ರ ಕುತ್ತಿಗೆ ನೋವು, ತಲೆಸುತ್ತು, ಮಾತಿನ ತೊದಲು ಅಥವಾ ಕೈಕಾಲಿನ ಬಲಹೀನತೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.